ಎಣ್ಣೆ ಕಾರುತ್ತಿದ್ದ ಪಿಕಪ್

ಮುಲುಂಡಿನ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಶನಿವಾರ ಮಧ್ಯಾಹ್ನ ಬೆಲ್ ಒತ್ತಿದವನನ್ನು ಭುವನೇಶ್ವರಿ ಟೀಚರ್ ಮೊದಲು ಗುರುತು ಹಿಡಿಯಲಿಲ್ಲ. ಗುರುತು ಹಿಡಿದ ಮೇಲೆ ಅವರಿಗೆ ಸಿಟ್ಟೇ ಬಂತು. ಮೂವತ್ತು ವರ್ಷಗಳ ಹಿಂದೆ, ಕುರ್ಲಾದ ಕನ್ನಡ ರಾತ್ರಿ ಶಾಲೆಗೆ ಹೋಟೆಲಿನ ಪಾತ್ರೆ ತೊಳೆದು ಒದ್ದೆ ಕೈಯಲ್ಲೇ ಓಡಿ ಬರುತ್ತಿದ್ದ ಅಂಗಾರ ಎಷ್ಟು ಗಟ್ಟಿಮುಟ್ಟಾದ ಆಳು! ಈಗ ಐವತ್ತೆಂಟಕ್ಕೇ ಎಪ್ಪತ್ತಾದವನ ಹಾಗೆ ಬಾಗಿ ನಿಂತಿದ್ದ. ತನ್ನ ಕೈಯಲ್ಲಿ ಕಲಿತವನನ್ನು ಈ ಗತಿಗೆ ತಂದವರು ಯಾರೇ ಇರಲಿ, ಅವರ ಮೇಲೆ ಟೀಚರಿಗೆ ಕಾರಣ ತಿಳಿಯುವ ಮೊದಲೇ ಮುನಿಸು ಹುಟ್ಟಿತು.

"ಟೀಚರೇ, ನನ್ನ ತಲೆ ಸರಿ ಉಂಟಾ ಅಂತ ಯಾರಾದ್ರೂ ನೋಡಿ ಹೇಳ್ಬೇಕಿತ್ತು," ಎಂದ ಅಂಗಾರ.

"ಅದಕ್ಕ ಡಾಕ್ಟರ್ ಇರ್ತಾರಪ್ಪ. ನಾ ಏನ್ ನೋಡ್ಲಿ?"

"ಡಾಕ್ಟರಿಗೆ ಗಾಡಿ ಗೊತ್ತಿಲ್ಲ ಅಲ್ವಾ. ನಿಮ್ಮ ಎದುರು ಮನೆಯ ಫೋರ್ಮನ್ ಸಾಹೇಬ್ರಿಗೆ ಗೊತ್ತುಂಟು ಅಂತ ಎಲ್ಲರೂ ಹೇಳ್ತಾರೆ."

ಎದುರು ಮನೆಯ ಫೋರ್ಮನ್ ಸಾಹೇಬರು ಆ ಹೊತ್ತಿಗೆ ಟೀಚರ ಮನೆಯಲ್ಲೇ, ಅವರ ಪೇಪರನ್ನೇ ಓದುತ್ತ, ಅವರ ಚಹಾವನ್ನೇ ಕುಡಿಯುತ್ತ ಕೂತಿದ್ದರು. ವಿಜಯಪುರದ ಕಡೆಯ ಶೆಟ್ಟೆಪ್ಪನವರು ಮೂವತ್ತಾರು ವರ್ಷ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಸೊಸೈಟಿಯ ನೀರಿನ ಮೋಟಾರು ಕದ್ದವನನ್ನು ಹಿಡಿದ ದಿನದಿಂದ ಅಕ್ಕಪಕ್ಕದ ನಾಲ್ಕು ಬಿಲ್ಡಿಂಗಿನವರು ಪೊಲೀಸರಿಗಿಂತ ಮೊದಲು ಅವರ ಬಾಗಿಲಿಗೆ ಬರುತ್ತಿದ್ದರು. ಆದರೆ ಟೀಚರ್ ಜೊತೆಗಿಲ್ಲದೆ ಅವರು ಯಾವ ಕೇಸಿಗೂ ಹೊರಡುತ್ತಿರಲಿಲ್ಲ. ಎಂಜಿನ್ನು ಹೇಳುವುದು ಅವರಿಗೆ ತಿಳಿಯುತ್ತಿತ್ತು, ಮನುಷ್ಯರು ಹೇಳುವುದಕ್ಕೆ ಟೀಚರ್ ಬೇಕಾಗಿತ್ತು.

"ಕುಂದ್ರೋ," ಎಂದರು ಶೆಟ್ಟೆಪ್ಪ ಪೇಪರ್ ಮಡಚುತ್ತ. "ಮೊದಲಿಂದ ಹೇಳು."

ಅಂಗಾರ ಹೇಳಿದ ಕತೆ ಹೀಗಿತ್ತು. ಕುರ್ಲಾದ ಶ್ರೀದುರ್ಗಾ ವಿಹಾರ ಹೋಟೆಲಿನ ಪಿಕಪ್ ಗಾಡಿಗೆ ಅವನೇ ಡ್ರೈವರು. ಬೆಳಗಾಗುವ ಮೊದಲೇ ರುಬ್ಬಿದ ಇಡ್ಲಿ ದೋಸೆ ಹಿಟ್ಟಿನ ಡಬ್ಬಗಳನ್ನು ತುಂಬಿಕೊಂಡು ಕುರ್ಲಾದಿಂದ ಮಲಾಡಿನ ತನಕ ಹತ್ತಾರು ಹೋಟೆಲುಗಳಿಗೆ ಮುಟ್ಟಿಸುವುದು ಕೆಲಸ. ಗಾಡಿಗೆ ಇಪ್ಪತ್ತು ವರ್ಷ. ಅಷ್ಟೂ ವರ್ಷ ಒಂದು ಹನಿ ಆಯಿಲ್ ನೆಲಕ್ಕೆ ಬಿದ್ದದ್ದಿಲ್ಲ. ಗಣಪತಿ ಬಿಟ್ಟ ಮರುವಾರ, ಒಂದು ಭಾನುವಾರ ಬೆಳಿಗ್ಗೆ, ಗಾಡಿಯ ಕೆಳಗೆ ಮೊದಲ ಹನಿ ಕಂಡಿತು. ಆಮೇಲೆ ಮೇಲಿಂದ ಸೋರಿತು, ಮುಂದಿಂದ ಸೋರಿತು, ಹಿಂದಿನಿಂದಲೂ ಸೋರಿತು. ಆಯಿಲ್ ಅಳೆಯುವ ಕಡ್ಡಿ ತಾನಾಗಿಯೇ ಮೇಲಕ್ಕೆ ನೆಗೆದು ಬರುತ್ತಿತ್ತು. ಗ್ಯಾರೇಜಿನ ಹಿತೇಶ್ ಮೂರು ಸಲ ಗ್ಯಾಸ್ಕೆಟ್ ಬದಲಿಸಿದ. ಹೊಸತು ಹಾಕಿದ ವಾರಕ್ಕೇ ಮತ್ತೆ ಅದೇ ಪಾಡು.

"ಕೊನೆಗೆ ಗಾಡಿಗೆ ಶಕ್ತಿಯೇ ಇಲ್ಲ ಸಾಹೇಬ್ರೆ. ಎಂಜಿನ್ ಬೊಬ್ಬೆ ಹೊಡೀತದೆ, ಗಾಡಿ ಮುಂದೆ ಹೋಗುದಿಲ್ಲ. ಸುಟ್ಟ ವಾಸನೆ ಬೇರೆ. ಗುರುವಾರ ಸೇತುವೆ ಹತ್ತುವಾಗ ಅರ್ಧದಲ್ಲಿ ನಿಂತಿತು. ಬ್ರೇಕ್ ಒತ್ತಿ ಹಿಡಿದೆ. ಹಿಂದೆ ಡಬ್ಬಗಳ ಹತ್ತಿರ ಇದ್ದ ಕ್ಲೀನರ್ ಸುಕೇಶ ಇಳಿದು ಚಕ್ರಕ್ಕೆ ಕಟ್ಟಿಗೆ ಕೊಡ್ಲಿಕ್ಕೆ ಹೋದ. ಗಾಡಿ ತಾನೇ ಕಾರಿದ ಆಯಿಲಿನ ಮೇಲೆ ಎರಡು ಅಡಿ ಜಾರಿತು... ಅವನ ಕಾಲು ಮುರಿದಿದೆ. ಎರಡು ಕಡೆ."

ಮಾಲೀಕ ಕಿಶೋರ ಈಗ ಕಾಗದವೊಂದನ್ನು ಮುಂದಿಟ್ಟಿದ್ದ. ಗಾಡಿಯನ್ನು ಅಂಗಾರ ಸರಿಯಾಗಿ ನೋಡಿಕೊಳ್ಳಲಿಲ್ಲ, ವಯಸ್ಸಾಗಿ ಮರೆವು ಬಂದಿದೆ, ತಪ್ಪು ತನ್ನದೇ ಎಂದು ಅವನು ಸಹಿ ಹಾಕಬೇಕು. ಸೋಮವಾರ ಗುಜರಿ ಕೊಳ್ಳುವ ಭಂಗಾರದವನು ಬಂದು ಗಾಡಿ ಒಯ್ಯುತ್ತಾನೆ.

"ಗಾಡಿ ಹೋದರೆ ಮನೆಯೂ ಹೋಯಿತು ಟೀಚರೇ. ದೊಡ್ಡ ಧನಿಗಳು, ಕಿಶೋರನ ಅಪ್ಪ, ತೀರಿಹೋಗುವ ಮೊದಲು ನನ್ನನ್ನು ಊರಿಗೆ ಕರಕೊಂಡು ಹೋಗಿ ದೈವದ ಎದುರು ಮಾತು ಕೊಟ್ಟಿದ್ದರು. ಈ ಗಾಡಿ ಓಡುವಷ್ಟು ದಿನ ಅಂಗಾರನೇ ಅದರ ಡ್ರೈವರು, ಹೋಟೆಲಿನ ಹಿಂದಿನ ಕೋಣೆ ಅವನದ್ದು ಅಂತ. ಕಿಶೋರನ ಕೈಯನ್ನೂ ಹಿಡಿದು ಹೇಳಿಸಿದ್ದರು. ಗಾಡಿಯೇ ನಿಂತರೆ ಯಾವ ಮಾತು? ಹೆಂಡತಿ ವಾರಿಜಳನ್ನು ಕರಕೊಂಡು ನಾನು ಎಲ್ಲಿಗೆ ಹೋಗುದು?" ಅವನು ತನ್ನ ಅಂಗೈಯನ್ನೇ ನೋಡಿಕೊಂಡ. "ಅದಕ್ಕಿಂತ ಹೆಚ್ಚು ಸಂಕಟ ಬೇರೆ ಉಂಟು. ನಾನು ಏನಾದರೂ ಮರೆತೆನಾ ಅಂತ ರಾತ್ರಿಯೆಲ್ಲ ಯೋಚನೆ ಮಾಡ್ತೇನೆ. ನೆನಪಾಗುದಿಲ್ಲ. ನೆನಪಾಗದೆ ಇರುದೇ ಮರೆವು ಅಲ್ವಾ?"

ಟೀಚರ್ ಒಳಗೆ ಹೋಗಿ ಇನ್ನೊಂದು ಲೋಟ ಚಹಾ ಇಟ್ಟರು. ಅಳುವವರ ಮುಂದೆ ನಿಲ್ಲುವುದು ಅವರಿಂದ ಆಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತರ ಲೋಕಲ್ ಹಿಡಿದು ಇಬ್ಬರೂ ಕುರ್ಲಾ ಮುಟ್ಟಿದರು. ಹೋಟೆಲಿನ ಹಿಂದಿನ ಅಂಗಳದಲ್ಲಿ ಪಿಕಪ್ ನಿಂತಿತ್ತು. ಅದರ ಕೆಳಗೆ ಹಾಸಿದ ರಟ್ಟು ಕಪ್ಪಗೆ ನೆನೆದಿತ್ತು. ಅಂಗಳದ ಮೂಲೆಯಲ್ಲಿದ್ದ ಒಂದೇ ಕೋಣೆಯಲ್ಲಿ ಅಂಗಾರ ಮತ್ತು ಅವನ ಹೆಂಡತಿ ವಾರಿಜಾರ ಸಂಸಾರ. ವಾರಿಜಾ ಮಾತಿನವಳಲ್ಲ, ಸ್ಟೂಲು ತಂದಿಟ್ಟು ಸೆರಗಿನಿಂದ ಒರೆಸಿದಳು. ಅವಳ ಕೋಣೆಯ ಹೊರಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು, ಅಡಿ ಲೆಕ್ಕ ಬರೆದದ್ದು ಟೀಚರ ಕಣ್ಣಿಗೆ ಬಿತ್ತು.

"ಇದೇನವ್ವ ಗ್ವಾಡಿ ಮ್ಯಾಲ?"

"ಗೊತ್ತಿಲ್ಲ ಟೀಚರೇ. ಗಣಪತಿ ಹಬ್ಬಕ್ಕೆ ಮೊದಲು ಯಾರೋ ಟೇಪ್ ಹಿಡಿದು ಅಳೆದು ಹೋದರು. ಎಸಿ ಹಾಲ್ ಮಾಡ್ತಾರಂತೆ ಅಂತ ಅಡುಗೆಯವರು ಹೇಳ್ತಿದ್ದರು."

ಕಿಶೋರ ಹೊರಗೆ ಬಂದ. ಮೂವತ್ತರ ಪ್ರಾಯ, ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಗಂಧ. ನಯವಾಗಿಯೇ ಮಾತಾಡಿದ. "ನೋಡಿ ಸಾರ್, ನೀವು ದೊಡ್ಡವರು, ಬಂದದ್ದು ಸಂತೋಷ. ಆದರೆ ಎಂಜಿನ್ ಮುಗಿದಿದೆ. ಹಿತೇಶ್ ಭಾಯಿ ನೋಡಿದ್ದಾರೆ. ಅಂಗಾರನಿಗೂ ವಯಸ್ಸಾಯ್ತು."

"ನೋಡಾಕ ಏನ್ ಹೋಗತೈತ್ರಿ," ಎಂದು ಶೆಟ್ಟೆಪ್ಪ ತೋಳು ಮಡಚಿದರು.

ಹಿತೇಶ್‌ನನ್ನೂ ಕರೆಸಿದ್ದರು. ಅವನು ಅಂಗಳದಲ್ಲಿ ಕೈಕಟ್ಟಿ ನಿಂತಿದ್ದ. ಅಂಗಾರ ಕೀ ತಿರುಗಿಸಿದ. ಗುರುವಾರದಿಂದ ತಣ್ಣಗೆ ಬಿದ್ದಿದ್ದ ಎಂಜಿನ್ ಅರ್ಧ ಸುತ್ತಿಗೇ ಚಾಲೂ ಆಯಿತು. ಶೆಟ್ಟೆಪ್ಪ ಸೈಲೆನ್ಸರಿನ ಹಿಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು ಎರಡು ನಿಮಿಷ ಹೊಗೆ ನೋಡಿದರು. ನೀಲಿ ಬಣ್ಣವಿಲ್ಲ. ಆಮೇಲೆ ಬಾನೆಟ್ಟಿನ ಕೆಳಗೆ, ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ ತಲೆಕೆಳಗಾಗಿ ಅಲ್ಲೇ ಇಟ್ಟರು. ಒಳಗಿನಿಂದ ಬಿಸಿ ಗಾಳಿ ಬುಸ್ಸೆಂದು ಬಂದು ಮುಚ್ಚಳ ಕುಣಿದು ಕೆಳಗೆ ಬಿತ್ತು.

"ದೇಖಾ?" ಎಂದ ಹಿತೇಶ್. "ಪಿಸ್ಟನ್ ರಿಂಗ್ ಗಯಾ. ಎಂಜಿನ್ ಖತಮ್. ನಾನು ಏನ್ ಸುಳ್ಳು ಹೇಳ್ತೀನಾ ಅಂಕಲ್?" ಗ್ಯಾರೇಜಿನಲ್ಲಿ ಗಿರಾಕಿ ಇದ್ದಾನೆಂದು ಅವನು ಹೊರಟುಹೋದ. ಕಿಶೋರನೂ ಕೌಂಟರಿಗೆ ಮರಳಿದ.

ಶೆಟ್ಟೆಪ್ಪ ಎಂಜಿನ್ ಆರಿಸಿ, ರಟ್ಟಿನ ಮೇಲೆ ಮಲಗಿ ಗಾಡಿಯ ಕೆಳಗೆ ತೂರಿದರು. ಹೊರಗೆ ಬಂದಾಗ ಅಂಗಿಯೆಲ್ಲ ಎಣ್ಣೆ. ಆದರೆ ಟೀಚರ ಮುಂದೆ ಹಿಡಿದ ಬಿಳಿ ಕರವಸ್ತ್ರದ ಮೇಲೆ ಇದ್ದದ್ದು ಬೂದುಬಣ್ಣದ ಗೆರೆಯೊಂದೇ.

"ಏನ್ ಕಾಣ್ತೈತ್ರಿ ಇದರಾಗ?"

"ಧೂಳು."

"ಆಯಿಲ್?"

"ಎಲ್ಲೈತಿ? ಇಲ್ಲ."

"ನೆನಪಿಟ್ಟುಕೊಳ್ರಿ. ಇಡೀ ಗಾಡಿ ಆಯಿಲ್‌ನಾಗ ಜಳಕ ಮಾಡೈತಿ. ಎಲ್ಲಿ ಸ್ವಲ್ಪ ಆಯಿಲ್ ಇರಬೇಕಾಗಿತ್ತೋ ಅಲ್ಲಿ ಒಣಾ ಧೂಳೈತಿ."

ಕರವಸ್ತ್ರದಿಂದ ಒರೆಸಿದ್ದು ಬ್ರೀದರ್ ಪೈಪಿನ ಬಾಯಿ ಎಂದು ಅವರು ತೋರಿಸಿಕೊಟ್ಟರು. ಎಂಜಿನ್ನಿನ ಹೊಟ್ಟೆಯಲ್ಲಿ ಹುಟ್ಟುವ ಹಬೆಯನ್ನು ಹೊರಗೆ ಬಿಡುವ ರಬ್ಬರ್ ಕೊಳವೆ ಅದು. ಮೇಲೆ ಎಂಜಿನ್ನಿನ ತಲೆಗೆ ಕ್ಲಿಪ್ಪಿನಿಂದ ಕಟ್ಟಿರುತ್ತದೆ, ಕೆಳಗಿನ ಬಾಯಿ ರಸ್ತೆಯ ಕಡೆಗೆ ತೆರೆದಿರುತ್ತದೆ. ಹಬೆಯ ಜೊತೆ ಎಣ್ಣೆಯ ಪಸೆ ಬರುವುದರಿಂದ ಆ ಬಾಯಿ ಯಾವಾಗಲೂ ಒದ್ದೆ.

"ಮಳಿಗಾಲದಾಗ ನೀರು ತುಂಬಿದ ರೋಡಿನ್ಯಾಗ ಹೆಂಗ ಹೊಡೀತಿದ್ಯೋ ಅಂಗಾರ? ಈ ಪೈಪಿನ್ಯಾಗ ನೀರು ಹೋಗಂಗಿಲ್ಲೇನು?"

ಅಂಗಾರನ ಮುಖದಲ್ಲಿ ಮೊದಲ ಸಲ ಕಳೆ ಬಂತು. "ಅದಕ್ಕೆ ನನ್ನದೊಂದು ಉಪಾಯ ಉಂಟು ಸಾಹೇಬ್ರೆ. ಕೆಳಗಿನ ಬಾಯಿಗೆ ಬಟ್ಟೆ ತುರುಕುದು. ಬಟ್ಟೆಯ ನಡುವಿಗೆ ಒಂದು ಗಂಟು ಹಾಕ್ಬೇಕು, ಇಲ್ಲದಿದ್ದರೆ ಮೇಲೆ ಸರಿದುಹೋಗ್ತದೆ. ಉದ್ದಕ್ಕೆ ಬಾಲ ಬಿಡ್ಬೇಕು, ತೆಗೀಲಿಕ್ಕೆ ಮರೆಯಬಾರದಲ್ಲ. ನೀರು ದಾಟಿದ ಕೂಡಲೇ ತೆಗೆದು ಬಿಸಾಡುದು. ಎರಡು ಸಾವಿರದ ಐದರ ಆ ದೊಡ್ಡ ಮಳೆ ನೆನಪುಂಟಲ್ಲ? ಗಾಡಿ ಆಗ ಹೊಸತು. ಕಿಶೋರ ಹತ್ತು ವರ್ಷದವ, ಶಾಲೆಯಿಂದ ತರ್ಲಿಕ್ಕೆ ಹೋಗಿದ್ದೆ. ಸೊಂಟದಷ್ಟು ನೀರು. ಹೆದರಿ ಅಳ್ತಿದ್ದ. ಅಳು ನಿಲ್ಲಲಿ ಅಂತ ಬಟ್ಟೆ ಕೊಟ್ಟು, ನೀನೇ ಗಂಟು ಹಾಕು ಮಗಾ ಅಂದೆ. ಎಷ್ಟು ಚಂದ ಹಾಕಿದ ಗೊತ್ತುಂಟಾ! ಇಬ್ಬರೂ ಮನೆ ಮುಟ್ಟಿದೆವು."

"ಮತ್ತ ಯಾರಿಗೆ ಕಲಿಸೀದಿ?"

"ಯಾರಿಗೆ ಕಲಿಸುದು? ಸುಕೇಶ ಬಂದು ಮೂರು ವರ್ಷ, ಅವನಿಗೆ ಬಾನೆಟ್ ಅಂದರೆ ಆಗುದಿಲ್ಲ. ಈಚೆಗೆ ನೀರು ನಿಂತ ದಿನ ಗಾಡಿ ತೆಗೀಬೇಡ ಅಂತ ಕಿಶೋರನೇ ಹೇಳ್ತಾನೆ. ಎರಡು ಮಳೆಗಾಲದಿಂದ ನಾನು ಬಟ್ಟೆ ತುರುಕಿದ್ದೇ ಇಲ್ಲ... ಇಲ್ಲ ಅಂತ ನನ್ನ ಲೆಕ್ಕ."

ಶೆಟ್ಟೆಪ್ಪ ಬಾನೆಟ್ಟಿನೊಳಗೆ ಬಗ್ಗಿ ಪೈಪಿನ ಮೇಲಿನ ತುದಿ ಹುಡುಕಿದರು. ಕ್ಲಿಪ್ಪಿನ ಸ್ಕ್ರೂ ಎಂಜಿನ್ನಿನ ಗೋಡೆಯ ಕಡೆಗೆ ತಿರುಗಿ ಕೂತಿತ್ತು. ಸ್ಕ್ರೂಡ್ರೈವರ್ ನೇರ ಹೋಗುವಂತಿರಲಿಲ್ಲ, ಸಂದಿಯಲ್ಲಿ ತುರುಕಿ ತಿರುಗಿಸಬೇಕಾಯಿತು. ಸ್ಕ್ರೂವಿನ ತಲೆಯೂ ಯಾರೋ ಚಾಕುವಿನಲ್ಲಿ ತಿರುವಿದ ಹಾಗೆ ಅಂಚು ಕಿತ್ತುಹೋಗಿತ್ತು. ಪೈಪು ಬಿಚ್ಚಿ ಇಕ್ಕಳದಿಂದ ಒಳಗಿದ್ದುದನ್ನು ಎಳೆದರು. ಕಪ್ಪಾಗಿ ಹೆಪ್ಪುಗಟ್ಟಿದ ಬಟ್ಟೆಯ ತುಂಡು. ಮೋಟು ತುಂಡು, ಬಾಲವಿಲ್ಲ. ನಡುವಿಗೆ ಗಂಟು.

ಅಂಗಾರ ಅಲ್ಲೇ ಮಡ್‌ಗಾರ್ಡಿನ ಮೇಲೆ ಕೈಯೂರಿದ. "ಅದು ನನ್ನದೇ ಗಂಟು ಸಾಹೇಬ್ರೆ. ಕಿಶೋರ ಹೇಳಿದ್ದು ಸರಿ. ನಾನೇ ಮರೆತದ್ದು. ಸುಕೇಶನ ಕಾಲು ನಾನೇ ಮುರಿದೆ."

"ಬಾಯಿ ಮುಚ್ಚು," ಎಂದರು ಟೀಚರ್. ತರಗತಿಯಲ್ಲಿ ಬಿಟ್ಟರೆ ಅವರು ಯಾರಿಗೂ ಅಷ್ಟು ಗಟ್ಟಿಯಾಗಿ ಹೇಳಿದವರಲ್ಲ.

ಶೆಟ್ಟೆಪ್ಪ ಪೈಪು, ಕ್ಲಿಪ್ಪು ಎರಡನ್ನೂ ಅಂಗಾರನ ಕೈಗೆ ಕೊಟ್ಟರು. "ತಿರುಗಿ ಹಾಕು ನೋಡೋಣ."

ಅಂಗಾರನ ಕಣ್ಣು ನೀರಾಡುತ್ತಿತ್ತು, ಅವನು ನೋಡಲೇ ಇಲ್ಲ. ಕೈ ತಾನಾಗಿ ಕೆಲಸ ಮಾಡಿತು. ಕ್ಲಿಪ್ಪಿನ ಸ್ಕ್ರೂ ಹೊರಗಡೆಗೆ, ಸ್ಕ್ರೂಡ್ರೈವರ್ ನೇರ ಸಿಗುವ ಹಾಗೆ ಕೂತಿತು.

"ಗಾಡಿ ಕೀ ಯಾವಾಗಲೂ ನಿನ್ನ ಹಂತ್ಯಾಕ ಇರತೈತೇನು?"

"ಸೊಂಟದಲ್ಲೇ ಇರ್ತದೆ. ಶನಿವಾರ ಬೆಳಿಗ್ಗೆ ಟ್ರಿಪ್ ಮುಗಿಸಿ ಶನಿ ದೇವಸ್ಥಾನಕ್ಕೆ ಹೋಗ್ತೇನಲ್ಲ, ಆಗ ಮಾತ್ರ ಕೌಂಟರಿನಲ್ಲಿ ಕೊಡ್ತೇನೆ. ಅವತ್ತು ಸುಕೇಶನಿಗೆ ರಜೆ, ಅವ ಮಲಾಡಿಗೆ ಅಕ್ಕನ ಮನೆಗೆ ಹೋಗ್ತಾನೆ."

ಟೀಚರಿಗೆ ಆ ಹೊತ್ತಿಗೆ ಎಲ್ಲವೂ ತಿಳಿಯಿತು. ಅದು ಸುಳ್ಳಾಗಲಿ ಎಂದು ಅವರು ಹಾರೈಸಿದ್ದೂ ನಿಜ.

ಮಧ್ಯಾಹ್ನದ ಊಟದ ಗಲಾಟೆ ಮುಗಿದು ಹೋಟೆಲಿನ ಶಟರ್ ಅರ್ಧ ಇಳಿಯುವುದು ನಾಲ್ಕು ಗಂಟೆಗೆ. ಟೇಬಲ್ಲುಗಳ ಮೇಲೆ ಕುರ್ಚಿಗಳನ್ನು ಮಗುಚಿ ನೆಲ ಒರೆಸಿದ್ದರು. ನಾಲ್ಕೈದು ಕುರ್ಚಿ ಇಳಿಸಿಕೊಂಡು ಎಲ್ಲರೂ ಕೂತರು. ಹಿತೇಶ್‌ನನ್ನು ಮತ್ತೆ ಕರೆಸಿ, ಸುಕೇಶನನ್ನೂ ರಿಕ್ಷಾದಲ್ಲಿ ಕರೆತಂದಿದ್ದರು. ಇಪ್ಪತ್ತಾರರ ಹುಡುಗ, ಪ್ಲಾಸ್ಟರು ಹಾಕಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿದ್ದ. ತಮ್ಮ ತಮ್ಮೊಳಗೆ ತುಳುವಿನಲ್ಲಿ ಮಾತಾಡುವವರು ಟೀಚರ್ ಇದ್ದಾರೆಂದು ಕನ್ನಡಕ್ಕೆ ಬಂದರು.

"ಗಾಡಿ ಯಾಕ ಸೋರಿತು, ಅದನ್ನ ಮೊದಲು ಹೇಳ್ತೀನಿ," ಎಂದರು ಶೆಟ್ಟೆಪ್ಪ. "ಹಿತೇಶ್ ಭಾಯಿ, ರಿಂಗ್ ಸವೆದ ಎಂಜಿನ್ ಆಯಿಲ್ ಸುಡತೈತಿ, ನೀಲಿ ಹೊಗಿ ಬಿಡತೈತಿ, ತಂಪಿದ್ದಾಗ ಚಾಲೂ ಆಗಾಕ ಒದ್ದಾಡತೈತಿ. ಇದಕ್ಕ ನೀಲಿ ಹೊಗಿ ಇಲ್ಲ, ಅರ್ಧ ಸುತ್ತಿಗೆ ಚಾಲೂ. ಅಂದ್ರ ಎಂಜಿನ್ ಗಟ್ಟಿ ಐತಿ. ಆದ್ರೂ ಹೊಟ್ಟಿ ತುಂಬ ಗಾಳಿ. ಹುಟ್ಟೋ ಹಬಿ ದಿನಾ ಹುಟ್ಟೋದ ಐತಿ, ಹೊರಗ ಹೋಗೋ ದಾರಿ ಬಂದ್ ಆಗಿತ್ತು. ಹಬಿ ಒಳಗಿಂದ ಒತ್ತಿ ಎಲ್ಲಾ ಸಂದಿನ್ಯಾಗೂ ಆಯಿಲ್ ಹೊರಗ ಹಾಕ್ತು. ನೀವು ನೂರು ಗ್ಯಾಸ್ಕೆಟ್ ಹಾಕಿದ್ರೂ ಅಷ್ಟ."

"ಔರ್ ಪಾವರ್?" ಎಂದ ಹಿತೇಶ್, ದನಿ ತಗ್ಗಿಸಿ.

"ಎಂಜಿನ್ ಒದರತೈತಿ, ಗಾಡಿ ಎಳಿಯಂಗಿಲ್ಲ, ಸುಟ್ಟ ವಾಸನಿ ಬರತೈತಿ. ಅದು ಎಂಜಿನ್ನಿನ ಸೋಲಲ್ಲ, ಕ್ಲಚ್ಚಿನದು. ಹಿಂದಿನ ಸೀಲಿನಿಂದ ಬಂದ ಆಯಿಲ್ ಕ್ಲಚ್ ಪ್ಲೇಟಿಗೆ ಹತ್ತಿ ಅದು ಜಾರಾಕ ಹತ್ತಿತ್ತು. ಒಂದ ರೋಗ, ಎರಡು ಲಕ್ಷಣ. ಬ್ರೀದರ್ ಪೈಪಿನ್ಯಾಗ ಬಟ್ಟಿ ಇತ್ತು."

ಕಿಶೋರ ಕೂಡಲೇ ಅಂಗಾರನ ಕಡೆಗೆ ತಿರುಗಿದ. "ನೋಡಿದ್ರಾ ಸಾರ್! ಇವನದೇ ಅಭ್ಯಾಸ ಅದು. ಮಳೆಗಾಲದಲ್ಲಿ ಬಟ್ಟೆಗೆ ಗಂಟು ಹಾಕಿ ತುರುಕ್ತಾನೆ. ತೆಗೀಲಿಕ್ಕೆ ಮರೆತಿದ್ದಾನೆ. ನಾನು ಹೇಳಿದ್ದೂ ಅದೇ, ಮರೆವು ಅಂತ."

"ಗಂಟು ಇತ್ತು ಅಂತ ನಾ ಹೇಳಲಿಲ್ಲ," ಎಂದರು ಶೆಟ್ಟೆಪ್ಪ. "ಇರ್ಲಿ, ಅದನ್ನ ದೊಡ್ಡದು ಮಾಡಂಗಿಲ್ಲ. ಗಂಟಿನ ಸುದ್ದಿ ನಿಮಗ ಸಣ್ಣಾವರಿದ್ದಾಗಿಂದ ಗೊತ್ತೈತಿ. ಈಗ ಒಬ್ಬೊಬ್ಬರನ್ನ ನೋಡೋಣ. ಅಂಗಾರ ಬಟ್ಟಿ ತುರುಕೋದು ಕೆಳಗಿನ ಬಾಯಿಗೆ, ಉದ್ದಕ ಬಾಲ ಬಿಟ್ಟು. ನೀರು ಬರೋದ ಅಲ್ಲಿಂದ. ಈ ಬಟ್ಟಿ ಇದ್ದದ್ದು ಮ್ಯಾಲಿನ ತುದಿಗೆ, ಬಾಲ ಕತ್ತರಿಸಿ, ಕ್ಲಿಪ್ಪಿನ ಅಡಿಯಾಗ. ಕೆಳಗಿಂದ ಇಣುಕಿದ್ರ ಪೈಪು ತೆರದ ಕಾಣಬೇಕು, ಹಂಗ ಅಡಗಿಸಿದ್ದು. ಮರೆತಾವರು ಅಡಗಿಸಂಗಿಲ್ಲ. ಮತ್ತ ಕ್ಲಿಪ್ಪು ಉಲ್ಟಾ ಇತ್ತು, ಸ್ಕ್ರೂ ಚಾಕುದಾಗ ತಿರುವಿದ್ದರು. ಅಂಗಾರನ ಕೈಯಾಗ ಟೂಲ್ ಬಾಕ್ಸ್ ಐತಿ, ಕಣ್ಣು ಮುಚ್ಚಿ ಕೊಟ್ಟರೂ ಕ್ಲಿಪ್ಪು ನೆಟ್ಟಗ ಹಾಕ್ತಾನ. ಟೀಚರ್ ನೋಡ್ಯಾರ."

"ಹೌದು, ನೋಡೀನಿ," ಎಂದರು ಟೀಚರ್.

"ಹಿತೇಶ್ ಭಾಯಿ ಕೈಗೆ ಗಾಡಿ ಹೋಗೂದರೊಳಗ ಸೋರಿಕೆ ಸುರು ಆಗಿತ್ತು. ಅಂವ ಪೈಪು ಬಿಚ್ಚಿ ನೋಡದ ಗ್ಯಾಸ್ಕೆಟ್ ಮ್ಯಾಲ ಗ್ಯಾಸ್ಕೆಟ್ ಹಾಕಿದ್ದು ಅಂವನ ಸೋಮಾರಿತನ, ಬ್ಯಾರೆ ಏನಲ್ಲ. ಸುಕೇಶಗ ಗಂಟು ಗೊತ್ತಿಲ್ಲ, ಕೀ ಸಿಗಂಗಿಲ್ಲ, ಶನಿವಾರ ಅಂವ ಇಲ್ಲಿ ಇರಂಗಿಲ್ಲ. ಮೊದಲನೇ ಹನಿ ಬಿದ್ದದ್ದು ಭಾನುವಾರ ಮುಂಜಾನೆ. ಅಂದ್ರ ಬಟ್ಟಿ ಹಾಕಿದ್ದು ಶನಿವಾರ. ಅವತ್ತು ಕೀ ಕೌಂಟರಿನ್ಯಾಗಿತ್ತು." ಅವರು ಕಿಶೋರನನ್ನೇ ನೋಡಿದರು. "ಎಂಜಿನ್ ಕೆಡಿಸಾಕ ಹೊಂಟ ಬ್ಯಾರೆ ಯಾರ ಆಗಿದ್ರೂ ಬಟ್ಟಿನ ಸುಮ್ನ ತುರುಕ್ತಿದ್ದರು. ಗಂಟು ಯಾಕ ಹಾಕಬೇಕು? ಹಂಗ ಹಾಕಬೇಕು ಅಂತ ಕಲಿತಾವ ಹಾಕ್ತಾನ, ಕೈ ತಾನ ಹಾಕತೈತಿ. ಅಂಗಾರ ಕಲಿಸಿದ್ದು ಒಬ್ಬಗ."

ಒಳಗೆ ಯಾರೋ ಪಾತ್ರೆ ಇಟ್ಟ ಸದ್ದಾಯಿತು. ಕಿಶೋರ ಹಣೆ ಒರೆಸಿಕೊಂಡ.

"ನನಗೇನು ಕಾರಣ ಸಾರ್? ಬೇಡ ಅಂದರೆ ಇವನನ್ನು ಬಿಡಿಸಲಿಕ್ಕೆ ನನಗೆ ಒಂದು ಮಾತು ಸಾಕು."

"ಸಾಕಾಗಿದ್ರ ಬಿಡಿಸ್ತಿದ್ದಿ," ಎಂದರು ಟೀಚರ್. ಇನ್ನು ಸುಮ್ಮನಿರಲು ಅವರಿಂದ ಆಗಲಿಲ್ಲ. "ದೈವದ ಮುಂದ ಕೈ ಹಿಡದು ಕೊಟ್ಟ ಮಾತು ಐತಿ. ಮುರದ್ರ ಏನಾಗತೈತೋ ಅಂತ ಅಂಜಿಕಿ ಬ್ಯಾರೆ. ಆ ಕ್ವಾಣಿ ಬೇಕು, ಗ್ವಾಡಿ ಮ್ಯಾಲ ಗಣಪತಿಗಿಂತ ಮೊದಲ ಅಳತಿ ಹಾಕಿಸೀದಿ. ಗಾಡಿ ಓಡುವಷ್ಟು ದಿನ ಅಂತ ನಿಮ್ಮಪ್ಪ ಅಂದಿದ್ರು. ಅದಕ್ಕ ಗಾಡಿನ ನಿಲ್ಲಿಸಿದ್ರಾತು ಅಂದುಕೊಂಡಿ. ಮಾತು ಮುರಿಯಂಗಿಲ್ಲ, ಮನಿ ಖಾಲಿ ಆಗತೈತಿ. ಮ್ಯಾಲ ಇಂವಗ ಅರಳುಮರಳು ಅಂತ ಕಾಗದ ಬರಸಾಕ ಹೊಂಟಿ!"

ಕಿಶೋರನ ದನಿ ಚಿಕ್ಕದಾಗಿತ್ತು. "ಯಾರಿಗೂ ಪೆಟ್ಟಾಗಲಿ ಅಂತ ಮಾಡಿದ್ದಲ್ಲ. ಸೋರಿ ಸೋರಿ ನಿಲ್ತದೆ ಅಂತ ಮಾಡಿದ್ದು. ಕ್ಲಚ್ಚಿನ ವಿಷಯ ನನಗೆ ಗೊತ್ತಿರಲಿಲ್ಲ. ನಾನು ಮಾತು ಮುರಿಯಲಿಲ್ಲ ಸಾರ್. ಒಂದು ಸಲವೂ ಮುರಿಯಲಿಲ್ಲ."

ಅವನು ನಿಜಕ್ಕೂ ಹಾಗೆಯೇ ನಂಬಿದ್ದ. ಟೀಚರಿಗೆ ಅಸಹ್ಯವೆನಿಸಿದ್ದು ಅದನ್ನು ಕಂಡೇ.

ಅಂಗಾರ ಎದ್ದು ನಿಂತ. ಬೆನ್ನು ನೆಟ್ಟಗಾಗಿತ್ತು, ಮುಖ ಮಾತ್ರ ಸತ್ತವನದ್ದು. "ನನ್ನ ತಲೆ ಸರಿ ಉಂಟು ಅಂತ ಆಯಿತಲ್ಲ ಟೀಚರೇ. ಸಾಕು." ಅವನು ಕಿಶೋರನ ಹತ್ತಿರ ಹೋದ. "ನಾನು ಮರೆತದ್ದು ಅಂತ ಮೂರು ತಿಂಗಳು ನನ್ನ ಮುಖ ನೋಡಿ ಹೇಳಿದಿ ಮಗಾ. ಹೇಗೆ ಹೇಳಿದಿ? ಬರೀ ಕೋಣೆ ಕೇಳಿದ್ದರೆ ಮಾತು ನಾನೇ ಬಿಟ್ಟುಕೊಡ್ತಿದ್ದೆ. ಒಂದು ಸಲ ಕೇಳಿದ್ದರೆ ಸಾಕಿತ್ತು."

ಅಂಗಾರ ಸುಕೇಶನ ಕಡೆಗೆ ತಿರುಗಿದ.

"ಪೊಲೀಸರ ಹತ್ತಿರ ನಿಜ ಹೇಳ್ತೇನೆ. ನನಗೆ ಬಿದ್ದ ಪೆಟ್ಟಾದರೆ ನುಂಗ್ತಿದ್ದೆ. ಮುರಿದದ್ದು ಇವನ ಕಾಲು. ಇವನ ಪರವಾಗಿ ಕ್ಷಮಿಸ್ಲಿಕ್ಕೆ ನಾನು ಯಾರು?"

ಸುಕೇಶ ಮುಖ ಆಚೆ ತಿರುಗಿಸಿ ಅತ್ತುಬಿಟ್ಟ.

ಲೋಕಲ್ಲಿನಲ್ಲಿ ಮುಲುಂಡಿಗೆ ಮರಳುವಾಗ ಘಾಟ್ಕೋಪರ್ ದಾಟಿದ ಮೇಲೆ ಟೀಚರ್, "ಶೆಟ್ಟೆಪ್ಪನವರ, ಅಂವ ಮನಿ ಉಳಿಸಿಕೊಡ್ರಿ ಅಂತ ಬಂದಿದ್ದ. ನಾವು ಅಂವನ ಮಗನ್ನ ಕಸಗೊಂಡು ಬಂದ್ವಿ," ಎಂದರು.

"ಮಗ ಅಲ್ಲಲ್ರಿ."

"ಸಾಕಿದಾಂವಗ ಹೇಳಿ ನೋಡ್ರಿ ಅದನ್ನ."

ಶೆಟ್ಟೆಪ್ಪ ಕಿಟಕಿಯಿಂದ ಹೊರಗೆ ನೋಡಿದರು. "ಸುಮ್ನಿದ್ದಿದ್ರ ಅಂವ ತನ್ನ ತಲಿ ಕೆಟ್ಟೈತಿ ಅಂತ ನಂಬಿ ಸಾಯ್ತಿದ್ದ. ಎರಡರಾಗ ಯಾವುದು ಚಲೋ ನನಗೂ ತಿಳಿವಲ್ದು."

ಮುಂದಿನ ಹದಿನೈದು ದಿನಗಳಲ್ಲಿ ಆಗಬೇಕಾದದ್ದೆಲ್ಲ ಆಯಿತು. ಭಂಗಾರದವನು ಬರಿಗೈಯಲ್ಲಿ ಮರಳಿದ. ಪೊಲೀಸರು ಕಿಶೋರನನ್ನು ಎರಡು ಸಲ ಕರೆಸಿದರು. ಶೆಟ್ಟೆಪ್ಪ ಎದುರು ನಿಂತು ಹಿತೇಶ್‌ನಿಂದ ಕ್ಲಚ್ ಪ್ಲೇಟು, ಹಿಂದಿನ ಸೀಲು ಹೊಸತು ಹಾಕಿಸಿದರು. ಗಾಡಿ ಒಂದು ಹನಿ ಸೋರದೆ ತುಂಬಿದ ಡಬ್ಬಗಳನ್ನು ಹೊತ್ತು ಸೇತುವೆ ಹತ್ತಿತು. ಹೊಸ ಡ್ರೈವರೊಬ್ಬ ಅದನ್ನು ಓಡಿಸಿ ತೋರಿಸಿದ. ಅಂಗಾರ ಅದರ ಬಾಗಿಲು ಮುಟ್ಟಲಿಲ್ಲ.

ಆ ಅಂಗಳದಲ್ಲಿ ಇನ್ನಿರಲಾರೆನೆಂದು ಅಂಗಾರ ತಾನಾಗಿಯೇ ಮನೆ ಖಾಲಿ ಮಾಡುವ ದಿನ ಟೀಚರ್ ಕುರ್ಲಾಕ್ಕೆ ಹೋದರು. ಮಲಾಡಿನ ಚಾಳಿನಲ್ಲಿ ವಾರಿಜಳ ತಂಗಿಯ ಮನೆಯ ಅಟ್ಟದ ಮೇಲೆ ಜಾಗ ಸಿಕ್ಕಿತ್ತು, ಬಗ್ಗಿ ಓಡಾಡುವಷ್ಟು ಎತ್ತರದ್ದು. ಬಾಡಿಗೆ ಟೆಂಪೋಗೆ ಹಾಸಿಗೆ, ಸ್ಟೌ, ಎರಡು ಟ್ರಂಕು ಏರಿಸಿ ಆಗಿತ್ತು. ಕಿಶೋರ ವೀಳ್ಯದೆಲೆ ಅಡಿಕೆಯ ಮೇಲೆ ಪಿಕಪ್ಪಿನ ಕೀ ಇಟ್ಟುಕೊಂಡು ಅಂಗಳಕ್ಕೆ ಬಂದ. ಕಣ್ಣು ಕೆಂಪಾಗಿತ್ತು.

"ಅಂಗಾರಣ್ಣ, ಹೋಗಬೇಡಿ. ಗಾಡಿ ನೀವೇ ಓಡಿಸಿ. ಗಾಡಿ ಓಡುವಾಗ ನೀವು ಹೋದರೆ ಮಾತು ನಾನೇ ಮುರಿದ ಹಾಗಾಗ್ತದೆ. ನಮಗೆ ಮಗು ಆಗುದರಲ್ಲಿದೆ. ದೈವದ ಮಾತು ಅಣ್ಣ, ಏನಾದರೂ ಆದರೆ..."

ಅವನಿಗೆ ಬೇಕಾದದ್ದು ಅಂಗಾರ ಅಲ್ಲ, ತನ್ನ ಹೆದರಿಕೆಗೆ ಮದ್ದು ಎಂಬುದು ಟೀಚರಿಗೆ ತಿಳಿಯಿತು. ಅಂಗಾರನಿಗೂ ತಿಳಿಯಿತು.

"ಗಾಡಿ ಚೆನ್ನಾಗಿ ಓಡ್ತದಾ?" ಎಂದು ಕೇಳಿದ ಅಂಗಾರ.

"ಓಡ್ತದೆ ಅಣ್ಣ."

"ಹಾಗಾದರೆ ಮಾತು ಮುರಿಯಲಿಲ್ಲ. ಕೋಣೆ ಇನ್ನೂ ನನ್ನದೇ."

ಅವನು ಖಾಲಿ ಕೋಣೆಯ ಬಾಗಿಲು ಎಳೆದು, ಹೊಸ ಬೀಗ ಜಡಿದು, ಕೀಯನ್ನು ಬನಿಯನ್ನಿನ ಒಳಕಿಸೆಗೆ ಹಾಕಿಕೊಂಡ. "ಬೀಗ ತೆಗೀಬೇಡ. ಗೋಡೆ ಮುಟ್ಟಬೇಡ. ಗಾಡಿ ಓಡುವಷ್ಟು ದಿನ ಹೀಗೇ ಇರಲಿ. ಗಾಡಿಯನ್ನು ಚೆನ್ನಾಗಿ ನೋಡಿಕೋ, ತುಂಬಾ ವರ್ಷ ಓಡ್ತದೆ ಅದು. ಒಂದು ದಿನ ತಾನಾಗಿ ನಿಂತರೆ, ನಿಲ್ಲಿಸಿದ್ದು ನೀನಾ ಅಂತ ದೈವವೇ ಕೇಳಲಿ."

ಕಿಶೋರ ಎಲೆ ಅಡಿಕೆಯನ್ನು ಇನ್ನಷ್ಟು ಮುಂದೆ ಹಿಡಿದ. ಅಂಗಾರ ಮುಟ್ಟಲಿಲ್ಲ.

ಟೀಚರಿಗೆ ಗೆದ್ದ ಹಿಗ್ಗು ಬರಬೇಕಿತ್ತು, ಬರಲಿಲ್ಲ. ಒಂದೊಂದು ಕೋಣೆಯಲ್ಲಿ ಎಂಟೆಂಟು ಜನ ಕಾಲು ಮಡಚಿ ಮಲಗುವ ಊರು ಇದು. ಇಲ್ಲಿ ಒಂದು ಕೋಣೆ ಯಾರಿಗೂ ಇಲ್ಲದೆ ಬೀಗ ಹಾಕಿಕೊಂಡು ಕೂರುತ್ತದೆ. ಕೋಣೆ ಯಾರದೋ ಅವನು ಬಗ್ಗಿ ನಡೆಯುವ ಅಟ್ಟದ ಮೇಲೆ ಬದುಕುತ್ತಾನೆ. ಅಂಗಾರನಲ್ಲಿ ಇಷ್ಟು ಕಹಿ ಇತ್ತೆಂದು ಅವರು ಎಣಿಸಿರಲಿಲ್ಲ, ಅದನ್ನು ತಪ್ಪೆನ್ನಲೂ ಅವರಿಗೆ ಮನಸ್ಸಾಗಲಿಲ್ಲ.

ಟೆಂಪೋದ ಮುಂದಿನ ಸೀಟಿನಲ್ಲಿ ಬೇರೊಬ್ಬ ಡ್ರೈವರಿನ ಪಕ್ಕ ಅಂಗಾರ ಕೂತ. ನಡುವೆ ಕೂತ ವಾರಿಜಾ ಮಡಿಲಲ್ಲಿ ಕುಡಿಯುವ ನೀರಿನ ಕೊಡ ಇಟ್ಟುಕೊಂಡಿದ್ದಳು.

"ಅಲ್ಲಿ ನಳ್ಳಿಯಲ್ಲಿ ನೀರು ಎಷ್ಟು ಗಂಟೆಗೆ ಬರ್ತದಂತೆ?" ಎಂದು ಅವಳು ಕೇಳಿದಳು.

"ಗೊತ್ತಿಲ್ಲ," ಎಂದ ಅಂಗಾರ. ಟೆಂಪೋ ಹೊರಟಿತು.